ಮಸ್ಕಿ ಬಸ್ಸಿನಲ್ಲಿ ಬಂದ ಸಾಮ್ರಾಜ್ಯ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. 2020ರ ಮಳೆಗಾಲದಲ್ಲಿ, ಲಾಕ್‌ಡೌನ್ ಸಡಿಲಾಗಿ ಬಸ್ಸುಗಳು ಮತ್ತೆ ಓಡಲು ಶುರುವಾದ ಮೇಲೆ, ನಾನು ಬಸ್‌ ಸ್ಟ್ಯಾಂಡಿನಲ್ಲಿ ಮಾಸ್ಕ್ ಹಾಕಿಕೊಂಡು ಆ ಬಸ್ಸಿಗೆ ಕಾಯುತ್ತಿದ್ದೆ. ಎಲ್ಲಿಗೂ ಹೋಗುವುದಕ್ಕಲ್ಲ. ಪರಿಚಯದ ಕಂಡಕ್ಟರೊಬ್ಬರು ಕಿಟಕಿಯಿಂದ ಕೈ ಚಾಚಿ, ಹಾಳೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಪೆನ್‌ಡ್ರೈವ್ ಕೊಡುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ಕೇಳಿಯೇಬಿಟ್ಟರು:

"ಏನೈತಪ ಇದರಾಗ, ವಾರಕ್ಕೊಮ್ಮಿ ಕಳಸ್ತೀರಿ?"

"ಚಾಲುಕ್ಯರ ಸಾಮ್ರಾಜ್ಯ ಐತ್ರಿ."

"ಹೌದಾ? ಹಂಗಾದ್ರ ಲಗೇಜ್ ಟಿಕೆಟ್ ಹರೀಬೇಕಿತ್ತು," ಎಂದು ಸೀಟಿ ಊದಿದರು.

ಸುಳ್ಳು ಹೇಳಿರಲಿಲ್ಲ ನಾನು. ಅದರಲ್ಲಿದ್ದದ್ದು ಒಂದು ಸೇವ್ ಫೈಲು, ಅಂದರೆ ಕಂಪ್ಯೂಟರ್ ಆಟವೊಂದನ್ನು ಎಲ್ಲಿಗೆ ನಿಲ್ಲಿಸಿದ್ದೇವೆ ಎಂಬುದರ ದಾಖಲೆ. ಆಟ ಆಡುತ್ತಿದ್ದವರು ಮೂವರು. ಸಿಂಧನೂರಿನ ಪಿಯುಸಿ ದಿನಗಳಿಂದ ನಾವು ಒಬ್ಬರನ್ನೊಬ್ಬರು ಹೆಸರಿಗಿಂತ ಹೆಚ್ಚಾಗಿ ಊರಿನಿಂದಲೇ ಕರೆಯುವವರು: ಸಿಂಧನೂರು, ಲಿಂಗಸುಗೂರು, ಮಸ್ಕಿ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಕೊರೊನಾ ಬಂದು ಮೂವರೂ ನಮ್ಮನಮ್ಮ ಊರಿಗೆ ವಾಪಸ್ ಬಂದಿದ್ದೆವು. ಫೋನಿನ ಡೇಟಾ ಆನ್‌ಲೈನ್ ಕ್ಲಾಸುಗಳಿಗೇ ಸಾಲುತ್ತಿರಲಿಲ್ಲ. ಹತ್ತಾರು ಎಂಬಿ ಫೈಲನ್ನು ಬಸ್ಸಿಗೆ ಹಾಕುವುದೇ ಸೋವಿಯಾಗಿತ್ತು.

ಸ್ವೀಡನ್ನಿನ ಪ್ಯಾರಡಾಕ್ಸ್ ಎಂಬ ಕಂಪನಿ ಇತಿಹಾಸದ ಮೇಲೆ ಆಟಗಳನ್ನು ಮಾಡುತ್ತದೆ. ಒಂದೊಂದು ಆಟಕ್ಕೆ ಒಂದೊಂದು ಕಾಲ. 'ಕ್ರುಸೇಡರ್ ಕಿಂಗ್ಸ್ 2'ರಲ್ಲಿ ನಡುಗಾಲ, 1453ಕ್ಕೆ ಮುಗಿಯುತ್ತದೆ. 'ಯುರೋಪಾ ಯೂನಿವರ್ಸಾಲಿಸ್ 4' 1444ರಿಂದ 1821ರವರೆಗೆ. 'ವಿಕ್ಟೋರಿಯಾ 2' 1836ರಿಂದ ನೂರು ವರ್ಷ. 'ಹಾರ್ಟ್ಸ್ ಆಫ್ ಐರನ್ 4' 1936ರಿಂದ ಎರಡನೇ ಮಹಾಯುದ್ಧ. ಇವು ಬೇರೆ ಬೇರೆ ಆಟಗಳು, ಬೇರೆ ಬೇರೆ ನಿಯಮಗಳು. ಆದರೆ ಒಂದರಲ್ಲಿ ಕಟ್ಟಿದ ಲೋಕವನ್ನು ಇನ್ನೊಂದಕ್ಕೆ ದಾಟಿಸುವ ಹುಚ್ಚು ಆಡುವವರಿಗೆ ಮೊದಲಿನಿಂದಲೂ ಇದೆ. ಮೊದಲ ಎರಡು ಆಟಗಳ ನಡುವಿನ ಸೇತುವೆಯನ್ನು ಕಂಪನಿಯೇ 2013ರಲ್ಲಿ ಮಾಡಿ ಮಾರಿತು. ಮುಂದಿನವನ್ನು ಅಭಿಮಾನಿಗಳು ಪುಕ್ಕಟೆ ಕಟ್ಟಿದರು. ಅವಕ್ಕೆ ಕನ್ವರ್ಟರ್ ಎನ್ನುತ್ತಾರೆ. ಹೀಗೆ ದಾಟಿಸುತ್ತ ಹೋದರೆ 1066ರಲ್ಲಿ ಹಿಡಿದ ರಾಜ್ಯವನ್ನು ಎರಡನೇ ಮಹಾಯುದ್ಧದವರೆಗೆ ಒಯ್ಯಬಹುದು. ಮೂವರೂ ರೊಕ್ಕ ಹಾಕಿ ರಿಯಾಯಿತಿಯ ದಿನ ಆಟಗಳನ್ನು ಕೊಂಡೆವು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಓಡುವಂಥವನ್ನೇ ಆರಿಸಿದ್ದೆವು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಮೊದಲ ಆಟ, ಬಿ.ಕಾಂ. ಮಾಡಿದ ಲಿಂಗಸುಗೂರಿಗೆ ವ್ಯಾಪಾರ-ತೆರಿಗೆಗಳ ಎರಡನೆಯದು, ಸಿಂಧನೂರಿಗೆ ಮೂರನೆಯದು. ನಾಲ್ಕನೆಯದನ್ನು ಆಮೇಲೆ ನೋಡೋಣ ಎಂದುಕೊಂಡೆವು.

ನಾನು 1066ರಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನಾಗಿ ಶುರುಮಾಡಿದೆ. ನಿಜವಾದ ಸೋಮೇಶ್ವರ ವಾಸಿಯಾಗದ ಕಾಯಿಲೆ ಬಂದು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಮುಳುಗಿ ಪ್ರಾಣ ಬಿಟ್ಟ. ಕುರುವತ್ತಿಯನ್ನು ದಾಟಿ ಬಂದ ನೀರೇ ಈಗ ಎಡದಂಡೆ ಕಾಲುವೆಯಲ್ಲಿ ಸಿಂಧನೂರಿನ ಭತ್ತದ ಗದ್ದೆಗೆ ಹೋಗುತ್ತದೆ. ನನ್ನ ಸೋಮೇಶ್ವರ ಮಾತ್ರ ಎಪ್ಪತ್ತು ದಾಟಿ ಹಾಸಿಗೆಯಲ್ಲೇ ತೀರಿಕೊಂಡ. ಐವತ್ತು ವರ್ಷ ಆಳಬೇಕಿದ್ದ ಆರನೆಯ ವಿಕ್ರಮಾದಿತ್ಯ ಅಣ್ಣನ ವಿರುದ್ಧ ದಂಗೆಯೆದ್ದು ಸೋತು ಸೆರೆಮನೆಯಲ್ಲಿ ಸತ್ತ. ಅಲ್ಲಿಂದ ಮುಂದೆ ನಮ್ಮ ಲೋಕವೇ ಬೇರೆ. ಕಲ್ಯಾಣ ಬೀಳಲಿಲ್ಲ, ಹಂಪಿ ಏಳಲಿಲ್ಲ. ರಾಯಚೂರು ದೋಆಬಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆತಲಾಂತರ ಕಾದಾಡಲಿಲ್ಲ, 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಲಿಲ್ಲ. ಹೊಡೆದಾಡಲು ಇಬ್ಬರಿದ್ದರೆ ತಾನೇ!

ಆ ಆಟದ ಜೀವಾಳ ರಾಜ್ಯವಲ್ಲ, ಮನುಷ್ಯರು. ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸಿಟ್ಟು, ಯಾವ ಸೊಸೆ ಯಾವ ಮೈದುನನಿಗೆ ವಿಷ ಹಾಕಿದಳು, ಎಲ್ಲ ದಾಖಲಾಗುತ್ತದೆ. ನನ್ನ ಆಟದಲ್ಲಿ ಒಬ್ಬ ರಾಣಿಯಿದ್ದಳು. ಮೂರು ರಾಜರ ಕಾಲದಲ್ಲಿ ಗೂಢಚಾರರನ್ನು ನಡೆಸಿದವಳು, ಕುಂಟಿ, ಮಹಾ ಅನುಮಾನದವಳು. ಅವಳ ಬಗ್ಗೆ ನಾನು ಅವ್ವನಿಗೂ ಹೇಳಿದ್ದೆ. ಅವ್ವ ರೊಟ್ಟಿ ತಟ್ಟುತ್ತಲೇ "ಅಂಥಾಕಿ ಒಬ್ಬಾಕಿ ಇರಬೇಕು ಬಿಡು ಮನ್ಯಾಗ" ಎಂದಿದ್ದಳು.

1444ಕ್ಕೆ ತಂದು ನಿಲ್ಲಿಸಿ, ಕನ್ವರ್ಟರ್ ಓಡಿಸಿ, ಎರಡನೆಯ ಆಟದಲ್ಲಿ ತೆರೆದು ನೋಡಿದೆ. ಗಡಿಗಳಿದ್ದವು. ಧರ್ಮ, ಭಾಷೆ, ರಾಜವಂಶದ ಹೆಸರು ಎಲ್ಲ ಸರಿಯಾಗಿ ದಾಟಿದ್ದವು. ಗಾದಿಯ ಮೇಲಿದ್ದ ರಾಜ ದಾಟಿದ್ದ, ಅವನ ಮಗ ದಾಟಿದ್ದ, ಅದೂ ಆಡಳಿತಕ್ಕಿಷ್ಟು, ಸಂಧಾನಕ್ಕಿಷ್ಟು, ಯುದ್ಧಕ್ಕಿಷ್ಟು ಎಂಬ ಮೂರು ಅಂಕಿಗಳಾಗಿ. ರಾಣಿ ಎಲ್ಲೂ ಇರಲಿಲ್ಲ. ಸತ್ತು ಮುನ್ನೂರು ವರ್ಷವಾಗಿತ್ತು, ಇರಬಾರದು ಸರಿ. ಆದರೂ ಹಿಂದಿನ ಆಟದಲ್ಲಿ ವಂಶವೃಕ್ಷ ತೆರೆದರೆ ಅವಳ ಮುಖ ಕಾಣುತ್ತಿತ್ತು. ಇಲ್ಲಿ ವಂಶವೃಕ್ಷವೇ ಇಲ್ಲ. ಈ ಆಟಕ್ಕೆ ಬೇಕಾದದ್ದು ರಾಜ್ಯ. ಅಜ್ಜಿಯರನ್ನು ಇಟ್ಟುಕೊಳ್ಳಲು ಅದರಲ್ಲಿ ಕಪಾಟೇ ಇಲ್ಲ.

ಕನ್ವರ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಆಗ ಅದರ ಫೋಲ್ಡರ್ ತೆಗೆದು ನೋಡಿದೆ. ಅದು ಆಟವನ್ನು ಮುಂದುವರಿಸುವುದಿಲ್ಲ. ಹಳೆಯ ಸೇವ್ ಫೈಲನ್ನು ಓದಿ, ಹೊಸ ಆಟಕ್ಕೆ ಬೇರೆಯದೇ ಒಂದು ಆರಂಭವನ್ನು ಬರೆದುಕೊಡುತ್ತದೆ, 'ಇಲ್ಲಿಯವರೆಗಿನ ಇತಿಹಾಸ ಇದು' ಎಂದು. ಹೊಸ ಆಟ ಅದನ್ನೇ ನಂಬುತ್ತದೆ. ಹಾಗೆ ಬರೆಯಲು ಅದಕ್ಕೆ ಪಟ್ಟಿಗಳು ಬೇಕು. ಆ ಆಟದ ಈ ಜಾಗ ಎಂದರೆ ಈ ಆಟದ ಆ ಜಾಗ, ಆ ಧರ್ಮ ಎಂದರೆ ಈ ಧರ್ಮ, ಆ ಭಾಷೆಯ ಜನ ಎಂದರೆ ಈ ಭಾಷೆಯ ಜನ. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾವಿರಾರು ಸಾಲು. ಯಾರೋ ಪುಣ್ಯಾತ್ಮರು, ಯಾವುದೋ ದೇಶದಲ್ಲಿ, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಕೈಯಿಂದ ಬರೆದದ್ದು. ಕನ್ನಡ ಎಂದರೆ ಕನ್ನಡ ಎಂದು ಒಂದು ಸಾಲು ಇತ್ತು. ನೋಡಿ ಸಣ್ಣ ಖುಷಿಯಾಯಿತು. ಸಾಲು ಇದ್ದರೆ ದಾಟುತ್ತದೆ. ಇಲ್ಲದಿದ್ದರೆ ಬಿದ್ದುಹೋಗುತ್ತದೆ, ಅಥವಾ ಹತ್ತಿರದ ಇನ್ನೇನೋ ಆಗುತ್ತದೆ.

ಮೊದಲ ಆಟದಲ್ಲಿ ಭಾರತದ ರಾಜರಿಗೆ ಜಾತಿಯೂ ಇತ್ತು, ಶೂರ, ಜಿಪುಣ ಎಂಬಂತೆ ಅದೂ ಒಂದು ಗುಣ. ಎರಡನೆಯದರಲ್ಲಿ ಅದಕ್ಕೆ ಜಾಗವಿಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ಸಿಂಧನೂರು ಜೋರಾಗಿ ನಕ್ಕ. "ನೋಡಲೇ, ಬಸವಣ್ಣನ ಕೈಲೆ ಆಗಲಾರದ್ದು ನಿನ್ನ ಕನ್ವರ್ಟರ್ ಎಲ್ಡು ನಿಮಿಷದಾಗ ಮಾಡಿಬಿಡ್ತು." ಆ ನಗೆ ನನಗೆ ಪೂರ್ತಿ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಲಿಂಗಸುಗೂರು ತನ್ನ ಪಾಲನ್ನು ಹಟ್ಟಿ ಗಣಿಯ ಲೆಕ್ಕಪತ್ರದ ಹಾಗೆ ಆಡಿದ. ಅವನ ಅಪ್ಪ ಅಲ್ಲಿಯೇ ಕೆಲಸ ಮಾಡಿ ನಿವೃತ್ತರಾದವರು. ಯುದ್ಧ ಕಡಿಮೆ, ಸಾಲ ಇಲ್ಲ, ಪೂರ್ವಕ್ಕೆ ಬಂಗಾಳದ ಬಂದರುಗಳವರೆಗೆ ರಾಜ್ಯ. ಅವನ ಮುನ್ನೂರು ಚಿಲ್ಲರೆ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಖಜಾನೆ ತುಂಬಿತ್ತು. ತೊಂದರೆ ಬಂದದ್ದು ಅವನ ಆಟ ಮುಗಿದ ಮೇಲೆ. ಎರಡನೆಯ ಆಟ 1821ಕ್ಕೆ ನಿಲ್ಲುತ್ತದೆ, ಮೂರನೆಯದು 1836ಕ್ಕೆ ಶುರು. ನಡುವಿನ ಹದಿನೈದು ವರ್ಷಗಳನ್ನು ಯಾರೂ ಆಡುವಂತಿಲ್ಲ. ಕನ್ವರ್ಟರ್ ಒಂದು ಹೆಜ್ಜೆಗೆ ಹಾರಿಬಿಡುತ್ತದೆ. ಸ್ವೀಡನ್ನಿನಲ್ಲಿ ಕೂತವರಿಗೆ ಅದೇನು ದೊಡ್ಡದಲ್ಲ, ನೆಪೋಲಿಯನ್ ಸತ್ತ ಮೇಲಿನ ಸಣ್ಣ ವಿರಾಮ. ನಾನು ಹಾಳೆಯ ಮೇಲೆ ಸುಮ್ಮನೆ ಬರೆದು ನೋಡಿದೆ. ಕಿತ್ತೂರಿನ ಯುದ್ಧ, 1824. ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡದ್ದು 1829. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831. ನಗರದ ರೈತರು ಎದ್ದದ್ದು 1830, ಅದರ ನೆಪದಲ್ಲಿ ಇಂಗ್ಲಿಷರು ಮೈಸೂರನ್ನು ಕೈಗೆ ತೆಗೆದುಕೊಂಡದ್ದು 1831. ನಾವು ಲಾವಣಿ ಕಟ್ಟಿ ಹಾಡಿದ್ದು, ನಾಟಕ ಆಡಿದ್ದು, ಸರ್ಕಲ್ಲುಗಳಲ್ಲಿ ಪ್ರತಿಮೆ ನಿಲ್ಲಿಸಿದ್ದು ಎಲ್ಲ ಆ ಹದಿನೈದು ವರ್ಷಗಳ ಕಂದಕದಲ್ಲಿದೆ.

(ಈ ಸರಣಿಯ ಇನ್ನೊಂದು ಕಂದಕ ಇದಕ್ಕಿಂತ ದೊಡ್ಡದು. ಅವರ ರೋಮಿನ ಕಾಲದ ಆಟ ಕ್ರಿಸ್ತಪೂರ್ವ 27ಕ್ಕೆ ಮುಗಿಯುತ್ತದೆ. ಅದರ ಮುಂದಿನ 'ಕ್ರುಸೇಡರ್ ಕಿಂಗ್ಸ್ 3' ಕ್ರಿಸ್ತಶಕ 867ಕ್ಕೆ ಶುರು. ಹಲ್ಮಿಡಿ ಶಾಸನ, ಇಮ್ಮಡಿ ಪುಲಕೇಶಿ, ಬಾದಾಮಿಯ ಗುಹೆಗಳು, 'ಕವಿರಾಜಮಾರ್ಗ' ಎಲ್ಲವೂ ಆ ಸಂದಿಯಲ್ಲಿ. ಪರದೆ ಮೇಲೇಳುವ ಹೊತ್ತಿಗೆ ಅಮೋಘವರ್ಷ ಮುದುಕನಾಗಿ ಕೂತಿರುತ್ತಾನೆ.)

ಮೂರನೆಯ ಆಟದ ಲೆಕ್ಕ ಮತ್ತೆ ಬೇರೆ. ಅಲ್ಲಿ ಮೊದಲ ಸಲ ಸಾಮಾನ್ಯ ಜನ ಬರುತ್ತಾರೆ, ಸಂಖ್ಯೆಗಳಾಗಿ. ಈ ಪ್ರಾಂತದಲ್ಲಿ ಇಷ್ಟು ರೈತರು, ಇಷ್ಟು ಕೂಲಿಗಳು, ಇಷ್ಟು ಗುಮಾಸ್ತರು, ಅವರ ಧರ್ಮ, ಅವರ ಭಾಷೆ. ಕೆಲಸ ಸಿಗುವ ಕಡೆಗೆ ಅವರು ಗುಳೆ ಹೋಗುತ್ತಾರೆ ಕೂಡ. ಸಿಂಧನೂರು ಅದನ್ನು ಆಡಿದ್ದು ನಾವಿಬ್ಬರೂ ಆಡಿದ ಹಾಗಲ್ಲ. ಯುದ್ಧ ಬಂದರೂ ಅವನ ಕಣ್ಣು ಒಂದೇ ಪ್ರಾಂತದ ಮೇಲೆ, ನಮ್ಮ ಸೀಮೆ ಬರುವ ಪ್ರಾಂತದ ಮೇಲೆ. ದಿನಾ ತೆರೆದು ಭಾಷಾವಾರು ಜನಸಂಖ್ಯೆ ನೋಡುವುದು, ಮುಚ್ಚುವುದು.

"ಏನ್ ನೋಡ್ತಿಯಲೇ?"

"ನಮ್ಮವರು ಬಂದಾರೇನು ನೋಡಾಕತ್ತೀನಿ."

ಇಲ್ಲೊಂದು ಮಾತು ಹೇಳಬೇಕು. ಸಿಂಧನೂರು ಎಂದು ನಾವು ಕರೆಯುವ ಇವನು ಸಿಂಧನೂರು ಪೇಟೆಯವನಲ್ಲ, ಆರ್.ಎಚ್. ಕ್ಯಾಂಪಿನವನು. ನಮ್ಮ ಕಡೆ ಕ್ಯಾಂಪು ಎಂದರೆ ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದವರು ನೆಲೆಸಿದ ಊರು. ಆಂಧ್ರದ ರೈತರ ಕ್ಯಾಂಪುಗಳು ಬಹಳ. ಆರ್.ಎಚ್. ಕ್ಯಾಂಪುಗಳಿಗೆ ಮಾತ್ರ ಹೆಸರಿಲ್ಲ, ನಂಬರು. ಎಪ್ಪತ್ತರ ದಶಕದ ಆರಂಭದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಅಲ್ಲಿ ಭೂಮಿ ಕೊಟ್ಟು ಕೂರಿಸಿತು. ಅವನ ಅಜ್ಜ ಆಗ ಬಂದವರು. ಮನೆಯಲ್ಲಿ ಬಂಗಾಳಿ, ಗದ್ದೆಯಲ್ಲಿ ಕನ್ನಡ, ಮಿಲ್ಲಿನಲ್ಲಿ ತೆಲುಗು. ದಸರೆಗೆ ಅವರ ಕ್ಯಾಂಪಿನಲ್ಲಿ ದುರ್ಗಾಪೂಜೆ. ನಾವು ಊಟಕ್ಕೆ ತಪ್ಪದೆ ಹೋಗುತ್ತಿದ್ದೆವು. ಬೈಯುವುದರಲ್ಲಂತೂ ಅವನ ರಾಯಚೂರು ಕನ್ನಡ ನನ್ನದಕ್ಕಿಂತ ಗಟ್ಟಿ.

ನಮ್ಮ ಆಟದ ಲೋಕದಲ್ಲಿ ಇಂಗ್ಲಿಷರು ಬಂಗಾಳವನ್ನು ಹಿಡಿಯಲಿಲ್ಲ. ಆದ್ದರಿಂದ ಯಾರೂ ಅದನ್ನು ಒಡೆಯಲೂ ಇಲ್ಲ. ಅದನ್ನು ಮೊದಲು ಗಮನಿಸಿದವನು ಅವನೇ. "ಅಂದ್ರ ನಮ್ಮಜ್ಜ ಅಲ್ಲೇ ಉಳಿದ. ನಾ ಸಿಂಧನೂರಾಗ ಇಲ್ಲ. ನಿಮಗ ನಾ ಸಿಗಂಗಿಲ್ಲ." ಖುಷಿಯಿಂದ ಹೇಳಿದನೋ ಬೇಸರದಿಂದಲೋ ಫೋನಿನಲ್ಲಿ ತಿಳಿಯಲಿಲ್ಲ. ಅದಕ್ಕೇ ಅವನು ನಮ್ಮ ಪ್ರಾಂತದಲ್ಲಿ ಕಾರ್ಖಾನೆಗಳನ್ನು ಕಟ್ಟುತ್ತ ಹೋದ, ಕೆಲಸ ಇದೆ ಎಂದು ಯಾರಾದರೂ ಬರಲಿ ಎಂದು. ಆಟದ 1890ರ ಹೊತ್ತಿಗೆ ಒಂದು ರಾತ್ರಿ ಫೋಟೊ ಕಳಿಸಿದ. ಪಟ್ಟಿಯ ಕೊನೆಯಲ್ಲಿ ಬಂಗಾಳಿ ಎಂಬ ಸಾಲು, ಮುಂದೆ ನೂರರ ಒಳಗಿನ ಒಂದು ಅಂಕಿ.

2021ರಲ್ಲಿ ಇಬ್ಬರೂ ಎಂ.ಎ.ಗೆ ಅರ್ಜಿ ಹಾಕಿದೆವು. ಅವನೇ ಮಸ್ಕಿಗೆ ಬಂದಿದ್ದ, ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲೇ ತುಂಬಿದೆವು. 371ಜೆ ಕಲಂ ಇಬ್ಬರಿಗೂ ಇತ್ತು. ಹೈದರಾಬಾದು ಕರ್ನಾಟಕದವರೆಂದು ಪ್ರಮಾಣಪತ್ರ, ಅಷ್ಟು ಹೊತ್ತಿಗೆ ಹೆಸರು ಕಲ್ಯಾಣ ಕರ್ನಾಟಕ ಎಂದಾಗಿತ್ತು. "ಇದು ನಿನ್ನ ಸೋಮೇಶ್ವರಂದು," ಎಂದು ತಮಾಷೆ ಮಾಡಿದ. ಮುಂದಿನ ಕಲಂ ಜಾತಿ. ನನ್ನದನ್ನು ಒತ್ತಿದೆ. ಅವನು ಕೆಳಗೆ ಇಳಿಸುತ್ತ ಹೋಗಿ, ಕೊನೆಗೆ ಬಂದು, ಮತ್ತೆ ಮೇಲಕ್ಕೆ ಹೋಗಿ 'ಸಾಮಾನ್ಯ' ಎಂಬುದನ್ನು ಒತ್ತಿದ.

ಅವನು ನಾಮಶೂದ್ರ. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ. ಆದರೆ ಸಂವಿಧಾನದ 341ನೇ ವಿಧಿಯಂತೆ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ, ನಾಮಶೂದ್ರ ಎಂಬ ಹೆಸರಿಲ್ಲ. "ನಮ್ಮನ್ನ ಮುಟ್ಟಿಸಿಕೊಳ್ಳದಿದ್ದವರು ಅಲ್ಲಿ ಇದ್ದರು. ಅವರು ಮುಟ್ಟಿಸಿಕೊಳ್ಳುತ್ತಿರಲಿಲ್ಲ ಅನ್ನೋದಕ್ಕೆ ಇಲ್ಲಿ ಕಾಗದ ಇಲ್ಲ," ಎಂದು ಅವನ ಅಪ್ಪ ಒಮ್ಮೆ ತಮ್ಮ ನಿಧಾನದ ಪುಸ್ತಕದ ಕನ್ನಡದಲ್ಲಿ ಹೇಳಿದ್ದರು. ಅವನಿಗೆ ಇನ್ನೊಂದೂ ಗೊತ್ತಿತ್ತು. 1946ರಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಗೆ ಮೊದಲು ಆರಿಸಿ ಬಂದದ್ದು ಬಂಗಾಳದಿಂದ, ಗೆಲ್ಲಿಸಲು ಓಡಾಡಿದವರು ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್. "ಬಾಗಿಲ ತೆಗೆದವರು ನಾವ, ಹೊರಗ ನಿಂತವರೂ ನಾವ," ಎಂದ. ನನಗೆ ಸೀಟು ಸಿಕ್ಕಿತು. ನನಗಿಂತ ಹೆಚ್ಚು ಅಂಕ ತೆಗೆದಿದ್ದ ಅವನಿಗೆ ಸಿಗಲಿಲ್ಲ. ಜಾತಿ ಕಳೆದುಹೋದದ್ದಕ್ಕೆ ಒಂದು ವರ್ಷದ ಹಿಂದೆ ಅವನು ನಕ್ಕದ್ದು ನೆನಪಾಯಿತು. ಅವನ ಮನೆಯವರು ಕಳೆದುಹೋದ ಅದನ್ನೇ ವಾಪಸ್ ಕೊಡಿ ಎಂದು ವರ್ಷಗಟ್ಟಲೆ ಅರ್ಜಿ ಬರೆಯುತ್ತಿದ್ದರು. ಜಾತಿ ಹೋಗಲಿ ಎಂದು ಭಾಷಣ ಕೇಳಿ ಬೆಳೆದ ನನಗೆ ಇದನ್ನು ಹೇಗೆ ಯೋಚಿಸಬೇಕೆಂದು ಆಗ ತೋಚಲಿಲ್ಲ. ಈಗಲೂ ಪೂರ್ತಿ ತೋಚಿಲ್ಲ.

ನನ್ನ ಪಿಎಚ್‌.ಡಿ. ವಿಷಯ ರಾಯಚೂರು ಸೀಮೆಯ ಆಡಳಿತದ ಗಡಿಗಳು. 1853ರಲ್ಲಿ ನಿಜಾಮ ಸಾಲದ ಬಾಬ್ತಿಗೆ ಈ ದೋಆಬವನ್ನು ಇಂಗ್ಲಿಷರ ಕೈಗೆ ಕೊಟ್ಟ, 1860ರಲ್ಲಿ ವಾಪಸ್ ಬಂತು. ಲಿಂಗಸುಗೂರು ಆಗ ಜಿಲ್ಲೆಯೇ ಆಗಿತ್ತು; 1905ರಲ್ಲಿ ಅದನ್ನು ಮುರಿದು ಸಿಂಧನೂರನ್ನೂ ಲಿಂಗಸುಗೂರನ್ನೂ ರಾಯಚೂರಿಗೆ ಸೇರಿಸಿದರು. ("ಮೊದಲ ನಮ್ಮೂರು ಜಿಲ್ಲಾ ಇತ್ತಲೇ" ಎನ್ನುವುದನ್ನು ಲಿಂಗಸುಗೂರು ಇವತ್ತಿಗೂ ಬಿಟ್ಟಿಲ್ಲ.) 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ, 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ. ಪ್ರತಿ ಸಲವೂ ಉರ್ದು, ಇಂಗ್ಲಿಷ್, ಕನ್ನಡ ಎಂದು ಕಾಗದಗಳು ಕೈಯಿಂದ ಕೈಗೆ ಹೋಗಿವೆ. ಗಡಿ, ಕಂದಾಯ ಸರಿಯಾಗಿ ದಾಟಿವೆ. ಹೆಸರುಗಳು ದಾಟುವಾಗ ಏನೇನೋ ಆಗಿವೆ. ನನ್ನ ಮುತ್ತಜ್ಜನದೇ ಮೂರು ಕಾಗದಗಳಲ್ಲಿ ಮೂರು ಹೆಸರು. ಅಧ್ಯಾಯ ಬರೆಯಲು ಕೂತಾಗೆಲ್ಲ ನನಗೆ ಆ ನೋಟ್‌ಪ್ಯಾಡಿನ ಪಟ್ಟಿಯೇ ಕಣ್ಣ ಮುಂದೆ ಬರುತ್ತದೆ. ಮಾರ್ಗದರ್ಶಕರಿಗೆ ಇದನ್ನು ಹೇಳಿಲ್ಲ.

ಸಾಲು ಒಂದರ ಬೆಲೆ ಎಷ್ಟೆಂದು ನಮ್ಮೂರಿನವರಿಗೆ ಗೊತ್ತಿರಬೇಕು. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಓದಿದ್ದ. ಆದರೆ ಅವುಗಳಲ್ಲಿ ಇದ್ದದ್ದು ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ಪ್ರಿಯದರ್ಶಿಯೇ ಬೌದ್ಧ ಕಥೆಗಳ ಅಶೋಕ ಎಂದು ಸಿಂಹಳದ ಗ್ರಂಥಗಳನ್ನು ನೋಡಿ ಊಹಿಸಿದ್ದರು. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಬರಹ ಕಂಡ. ಅದರಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಇತ್ತು. ಈಚೆ ಪಟ್ಟಿಯ ದೇವಾನಂಪ್ರಿಯ ಎಂದರೆ ಆಚೆ ಪಟ್ಟಿಯ ಅಶೋಕ, ಅಷ್ಟೇ. ಊಹೆ ಗಟ್ಟಿಯಾಯಿತು. ಚಿಕ್ಕಂದಿನಲ್ಲಿ ಆ ಬಂಡೆಯ ಹತ್ತಿರ ನಾವು ಕ್ರಿಕೆಟ್ ಬಾಲು ಹುಡುಕಲು ಹೋಗುತ್ತಿದ್ದೆವು. ಸಿಂಧನೂರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದಾಗ ಅವನು ಜಾಲರಿಯೊಳಗೆ ಇಣುಕಿ ನೋಡಿ ಅಂದ: "ನಮಗೂ ಇಂಥದೊಂದು ಬಂಡಿ ಸಿಗತೈತೇನು ನೋಡಲೇ. ಒಂದ ಸಾಲು ಸಾಕು."

ಅವನು ಈಗ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮೂರನೆಯ ಆಟವನ್ನು ಅವನು ಮುಗಿಸಲು ನಾಲ್ಕು ವರ್ಷ ತೆಗೆದುಕೊಂಡ. ಸುಗ್ಗಿಯಲ್ಲಿ ಪುರುಸೊತ್ತಿಲ್ಲ, ಆಮೇಲೆ ಮದುವೆ, ಆಮೇಲೆ ಮಗಳು. ನಾವೂ ಕೇಳುವುದನ್ನು ಬಿಟ್ಟಿದ್ದೆವು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಸಿಂಧನೂರಿನ ಚಹಾದಂಗಡಿಯಲ್ಲಿ ಸಿಕ್ಕು, ಜೇಬಿನಿಂದ ಅದೇ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ರಬ್ಬರ್ ಬ್ಯಾಂಡ್ ಮಾತ್ರ ಹೊಸದು.

"1936 ಆತು. ನಾಲ್ಕನೇದು ನೀವ ಆಡ್ರಿ. ಅದರಾಗ ಬರೇ ಯುದ್ಧ. ನಲವತ್ತೇಳು ಬರತೈತಿ, ನಾ ಒಲ್ಲೆ."

"ನಮ್ಮ ಆಟದಾಗ ನಲವತ್ತೇಳು ಆಗಂಗಿಲ್ಲಲೇ, ಬಂಗಾಳ ನಮ್ಮ ಕೈಯಾಗ ಐತಿ."

"ಗೊತ್ತೈತಿ. ಆದ್ರೂ ಒಲ್ಲೆ."

ರಾತ್ರಿ ಮಸ್ಕಿಯಲ್ಲಿ ಅದನ್ನು ತೆರೆದೆ. ಸೇವ್ ಫೈಲಿನ ಜೊತೆಗೆ ಆಟದ ಫೋಲ್ಡರನ್ನೂ ಹಾಕಿಕೊಟ್ಟಿದ್ದ. ನಕಾಶೆ ಬಂತು. ಕಾಬೂಲಿನ ಹತ್ತಿರದಿಂದ ಕನ್ಯಾಕುಮಾರಿಯವರೆಗೆ ಚಾಲುಕ್ಯರ ಬಣ್ಣ. ನಮ್ಮ ಸೀಮೆಯ ಮೇಲೆ ಹೋಗಿ ದೊಡ್ಡದು ಮಾಡಿದೆ. ಪ್ರಾಂತದ ಹೆಸರು ಬದಲಾಗಿತ್ತು. ಹೆಸರುಗಳಿರುವ ಫೈಲನ್ನು ಹುಡುಕಿ, ಸಾವಿರಾರು ಸಾಲುಗಳಲ್ಲಿ ಆ ಒಂದನ್ನು ಕೈಯಿಂದ ತಿದ್ದಿದ್ದ: ಆರ್.ಎಚ್. ಕ್ಯಾಂಪ್ ನಂಬರ್ 3.

ಹನ್ನೊಂದೂವರೆಯಾಗಿತ್ತು, ಆದರೂ ಫೋನ್ ಮಾಡಿದೆ.

"ಇದೇನಲೇ, ಸಿಂಧನೂರು ಎಲ್ಲಿ ಹೋತು?"

"ಅಲ್ಲೇ ಇರತೈತಿ ನೋಡು," ಎಂದ, ನಿದ್ದೆಗಣ್ಣಿನ ದನಿಯಲ್ಲಿ. "ನಮ್ಮ ಕ್ಯಾಂಪಿನ ತಾಲೂಕಾಗ."